ಅಸ್ತ್ರ ಒಲೆ: ಲ್ಯಾಬ್‌ನಲ್ಲಿ ಗೆದ್ದದ್ದು ಅಡುಗೆಮನೆಯಲ್ಲಿ ಯಾಕೆ ನಿಲ್ಲಲಿಲ್ಲ?

ವಿಡಿಯೋ ಪೂರ್ತಿ ನೋಡೋಕೆ ಪುರುಸೊತ್ತಿಲ್ಲದವರಿಗೆ, ಟ್ರಾನ್ಸ್ ಹಾರ್ಬರ್ ಲೋಕಲ್‌ನಲ್ಲಿ ನಿಂತುಕೊಂಡೇ ಓದುವವರಿಗೆ, ಈ ವಾರದ ಮಾತಿನ ಬರಹರೂಪ ಇದು. ವಿಷಯ ಸೌದೆ ಒಲೆ. ನಗಬೇಡಿ, ಇದರಲ್ಲಿ ನಮ್ಮ ಕೆಲಸಕ್ಕೂ ಊರಿನ ಮನೆಗೂ ಸೇರಿದ ಒಂದು ಪಾಠ ಇದೆ.

ನಾವಿರುವ ಐರೋಲಿ ಕಡೆಯಿಂದ ಹೆದ್ದಾರಿ ಹಿಡಿದು ಹೊರಟರೆ ಢಾಬಾಗಳ ಮೇಲೆ 'ಚುಲೀವರಚಂ ಜೇವಣ' ಅನ್ನೋ ಬೋರ್ಡು ಕಾಣುತ್ತೆ. ಒಲೆ ಮೇಲೆ ಮಾಡಿದ ಊಟ ಅಂತ ಅರ್ಥ. ಅದಕ್ಕೇ ಅಂತ ಕಾರು ನಿಲ್ಲಿಸುವವರಿದ್ದಾರೆ. ಇದೇ ಮುಂಬೈ ಸೀಮೆಯಲ್ಲಿ 2025ರ ಜನವರಿಯಲ್ಲಿ ಬಾಂಬೆ ಹೈಕೋರ್ಟು, ಸೌದೆ-ಇದ್ದಿಲು ಉರಿಸುವ ಬೇಕರಿಗಳು ಆರು ತಿಂಗಳೊಳಗೆ ಗ್ಯಾಸಿನಂಥ ಇಂಧನಕ್ಕೆ ಬದಲಾಗಬೇಕು ಅಂತ ಹೇಳಿತು. ಒಂದೇ ಬೆಂಕಿ. ಒಂದು ಕಡೆ ರುಚಿ, ಇನ್ನೊಂದು ಕಡೆ ಹೊಗೆ. ನಮ್ಮಲ್ಲಿ ಎಷ್ಟೋ ಜನ ಊರಿಗೆ ಫೋನ್ ಮಾಡಿದಾಗ "ಗ್ಯಾಸ್ ಇದೆಯಲ್ಲಮ್ಮ, ಇನ್ನೂ ಯಾಕೆ ಒಲೆ ಊದ್ತಿದೀಯಾ?" ಅಂತ ಕೇಳ್ತೀವಿ. ಆ ಪ್ರಶ್ನೆಗೆ ಉತ್ತರ ಹುಡುಕಿದ ಎಂಜಿನಿಯರುಗಳು ನಮಗಿಂತ ಮೊದಲೇ ಇದ್ದರು, ಅದೂ ಬೆಂಗಳೂರಿನಲ್ಲೇ. ಈ ಮಾತು ಅವರ ಬಗ್ಗೆ.

ಒಂದು ಹಳ್ಳಿಯ ಲೆಕ್ಕ

ಅಮೂಲ್ಯ ಕೆ. ಎನ್. ರೆಡ್ಡಿ ಮೂಲತಃ ಎಲೆಕ್ಟ್ರೋಕೆಮಿಸ್ಟ್ರಿಯವರು. ಜಾನ್ ಬಾಕ್ರಿಸ್ ಜೊತೆ ಸೇರಿ ಅವರು ಬರೆದ ಪಠ್ಯಪುಸ್ತಕ ಜಗತ್ತಿನ ನಾನಾ ವಿಶ್ವವಿದ್ಯಾಲಯಗಳಲ್ಲಿ ಓದಿಗೆ ಇತ್ತು. ಅಂಥವರು 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅಂದ್ರೆ ನಾವೆಲ್ಲ 'ಟಾಟಾ ಇನ್‌ಸ್ಟಿಟ್ಯೂಟ್' ಅನ್ನೋ ಜಾಗದಲ್ಲಿ, 'ಅಸ್ತ್ರ' ಅನ್ನೋ ಕೇಂದ್ರ ಶುರು ಮಾಡಿದರು. ಅಪ್ಲಿಕೇಶನ್ ಆಫ್ ಸೈನ್ಸ್ ಅಂಡ್ ಟೆಕ್ನಾಲಜಿ ಟು ರೂರಲ್ ಏರಿಯಾಸ್ ಎಂಬುದರ ಮೊದಲಕ್ಷರಗಳು ಅವು. ಹಿಂದಿನ ವರ್ಷವಷ್ಟೇ ಅರಬ್ ದೇಶಗಳ ತೈಲ ಬಿಕ್ಕಟ್ಟು ಆಗಿತ್ತು. ದೇಶವೆಲ್ಲ ಪೆಟ್ರೋಲಿನ ಬಗ್ಗೆ ಮಾತಾಡ್ತಿದ್ದಾಗ ಇವರು ಹಳ್ಳಿಯಲ್ಲಿ ಉರಿಯುವುದೇನು ಅಂತ ಅಳೆಯೋಕೆ ಹೊರಟರು.

ಆರಿಸಿಕೊಂಡಿದ್ದು ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರ ಸುತ್ತಮುತ್ತಲಿನ ಹಳ್ಳಿಗಳನ್ನು. ಅದರಲ್ಲೊಂದು ಪುರ. 1977ರಲ್ಲಿ ಅಲ್ಲಿ 56 ಮನೆ, 357 ಜನ. ಮನೆಮನೆಗೆ ಹೋಗಿ ಸೌದೆ, ಸೀಮೆಎಣ್ಣೆ, ಕರೆಂಟು, ಎತ್ತಿನ ದುಡಿಮೆ, ಮನುಷ್ಯರ ದುಡಿಮೆ ಎಲ್ಲವನ್ನೂ ಒಂದೇ ಲೆಕ್ಕಕ್ಕೆ ತಂದರು. ಹಳ್ಳಿ ಬಳಸುವ ಶಕ್ತಿಯಲ್ಲಿ ಶೇ. 80ಕ್ಕೂ ಹೆಚ್ಚು ಸೌದೆಯದ್ದೇ ಆಗಿತ್ತು. ವಿದ್ಯುತ್ತಿನ ಪಾಲು ಶೇ. 1ಕ್ಕಿಂತ ಕಡಿಮೆ. ಸೌದೆ ಆರಿಸಿ ತರೋಕೆ ಒಂದೊಂದು ಮನೆಯವರು ದಿನಕ್ಕೆ ಸರಾಸರಿ ಎರಡೂವರೆ ತಾಸು ಕಳೀತಿದ್ದರು. ಆ ಹೊತ್ತಿಗೆ ಯಾರೂ ಕೂಲಿ ಕೊಡ್ತಿರಲಿಲ್ಲ, ಹಾಗಾಗಿ ಸೌದೆ 'ಪುಕ್ಕಟೆ' ಅಂತ ಎಲ್ಲರೂ ಅಂದುಕೊಂಡಿದ್ದರು.

ಒಲೆಯೊಳಗೆ ನಡೆಯೋದೇನು

ಮೂರು ಕಲ್ಲಿನ ಒಲೆಯನ್ನು ಬೈಯುವ ಮುಂಚೆ ಒಂದು ಮಾತು. ಅದರಲ್ಲಿ ಒಣ ಸೌದೆ ಚೆನ್ನಾಗಿಯೇ ಉರಿಯುತ್ತೆ. ತೊಂದರೆ ಇರೋದು ಆ ಶಾಖ ಪಾತ್ರೆಗೆ ಮುಟ್ಟೋದರಲ್ಲಿ. ಜ್ವಾಲೆ ಪಾತ್ರೆಯ ಪಕ್ಕದಿಂದ ಹೊರಗೆ ಹೋಗುತ್ತೆ, ಗಾಳಿ ಬೇಕಾದ್ದಕ್ಕಿಂತ ಹೆಚ್ಚು ನುಗ್ಗಿ ಬಿಸಿಯನ್ನು ಹೊತ್ತೊಯ್ಯುತ್ತೆ. ಕೊನೆಗೆ ಸೌದೆಯಲ್ಲಿದ್ದ ಶಾಖದ ಹತ್ತರಲ್ಲೊಂದು ಪಾಲು ಅನ್ನಕ್ಕೆ ಸಿಕ್ಕರೆ ಹೆಚ್ಚು.

ನಮ್ಮ ಹಿರಿಯರಿಗೆ ಇದು ಗೊತ್ತಿಲ್ಲದೇ ಇರಲಿಲ್ಲ. ಮಣ್ಣಿನ ಒಲೆಗೆ ಪಕ್ಕದಲ್ಲಿ ಕೋಡೊಲೆ ಮಾಡಿ, ಮುಂದಿನ ಪಾತ್ರೆಯಿಂದ ಮಿಕ್ಕ ಬಿಸಿಯಲ್ಲಿ ಸಾರು ಕುದಿಸಿದ್ದು ಅದೇ ಬುದ್ಧಿವಂತಿಕೆ. 1947ರಲ್ಲಿ ವಾರ್ಧಾದ ಮಗನವಾಡಿಯಿಂದ ಹೊಗೆ ಕೊಳವೆ ಇರುವ ಮಗನ್ ಚೂಲಾ ಬಂತು. 1953ರಲ್ಲಿ ಹೈದರಾಬಾದಿನ ಎಸ್. ಪಿ. ರಾಜು ಹೊಗೆಯಿಲ್ಲದ ಅಡುಗೆಮನೆಗಳ ಬಗ್ಗೆ ಪುಸ್ತಕ ಬರೆದರು. ಅಸ್ತ್ರದವರು ಈ ಸಾಲಿಗೆ ಸೇರಿ, ಅಳತೆಯ ಶಿಸ್ತನ್ನು ತಂದರು.

ಅಸ್ತ್ರ ಒಲೆ ಮಣ್ಣಿನದೇ, ಆದರೆ ಒಳಗೆ ಪ್ರತಿ ಅಳತೆಗೂ ಕಾರಣ ಇತ್ತು. ಮುಚ್ಚಿದ ಉರಿಗೂಡು, ಸೌದೆಗೆ ಕೆಳಗಿಂದ ಗಾಳಿ ಸಿಗಲು ಜಾಲರಿ, ಒಂದರ ಹಿಂದೊಂದು ಮೂರು ಪಾತ್ರೆಗೆ ಕಂಡಿ, ಕೊನೆಗೆ ಹೊಗೆ ಕೊಳವೆ. ಪಾತ್ರೆ ಕಂಡಿಯೊಳಗೆ ಕೂರುತ್ತೆ, ಬಿಸಿ ಹೊಗೆ ಮೂರರ ತಳವನ್ನೂ ಸವರಿಕೊಂಡು ಆಚೆ ಹೋಗುತ್ತೆ. ಲ್ಯಾಬ್ ಪರೀಕ್ಷೆಗಳಲ್ಲಿ ದಕ್ಷತೆ ಶೇ. 40ರ ಆಸುಪಾಸಿಗೆ ಬಂತು.

ಇದು ಎಷ್ಟು ದೊಡ್ಡ ಜಿಗಿತ ಅಂತ ನಾನೊಂದು ಲೆಕ್ಕ ಹಾಕಿ ನೋಡಿದೆ. 14.2 ಕಿಲೋ ಸಿಲಿಂಡರಿನಲ್ಲಿ ಸುಮಾರು 650 ಮೆಗಾಜೂಲ್ ಇರುತ್ತೆ. ಗ್ಯಾಸ್ ಒಲೆಯಲ್ಲಿ ಶೇ. 60 ಪಾತ್ರೆಗೆ ಮುಟ್ಟಿದರೆ 390. ಒಣ ಸೌದೆಯಲ್ಲಿ ಕಿಲೋಗೆ 16 ಮೆಗಾಜೂಲ್ ಅಂತಿಟ್ಟುಕೊಳ್ಳಿ. ಶೇ. 10ರ ಒಲೆಯಲ್ಲಿ ಅದೇ ಅಡುಗೆಗೆ 245 ಕಿಲೋ ಸೌದೆ ಬೇಕು. ಶೇ. 30ರ ಒಲೆಯಲ್ಲಿ 80 ಕಿಲೋ ಸಾಕು. ಉಳಿದ 165 ಕಿಲೋ ಯಾರೋ ಒಬ್ಬಳ ತಲೆಯಿಂದ ಇಳಿಯುವ ಹೊರೆ.

ಕಟ್ಟಿದ್ದನ್ನು ಎಣಿಸಿದರು, ಉರಿದದ್ದನ್ನು ಎಣಿಸಲಿಲ್ಲ

1983ರಲ್ಲಿ ಕೇಂದ್ರ ಸರ್ಕಾರ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿತು. ಕರ್ನಾಟಕದಲ್ಲಿ ಅಸ್ತ್ರ ಒಲೆ ಲಕ್ಷಗಟ್ಟಲೆ ಮನೆ ಸೇರಿತು. ಕಟ್ಟೋಕೆ ಊರೂರಲ್ಲಿ ಜನರಿಗೆ ತರಬೇತಿ ಕೊಟ್ಟರು. 2002ರಲ್ಲಿ ಕಾರ್ಯಕ್ರಮ ಮುಗಿಯುವ ಹೊತ್ತಿಗೆ ದೇಶದಲ್ಲಿ ಕಡತದ ಪ್ರಕಾರ ಮೂರು ಕೋಟಿಗೂ ಹೆಚ್ಚು ಸುಧಾರಿತ ಒಲೆ ಆಗಿದ್ದವು.

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಅದು ಇನ್‌ಸ್ಟಾಲ್ ಸಂಖ್ಯೆ. ದಿನಾ ಎಷ್ಟು ಜನ ಬಳಸ್ತಾರೆ ಅನ್ನೋದು ಬೇರೆ ಸಂಖ್ಯೆ. ಟಾರ್ಗೆಟ್ ಇದ್ದದ್ದು ಮೊದಲನೆಯದಕ್ಕೆ.

ಅಡುಗೆಮನೆಯಲ್ಲಿ ಆಗಿದ್ದೇನು? ಅವಸರದಲ್ಲಿ ಕಟ್ಟಿದಾಗ ಜಾಲರಿಗೂ ಪಾತ್ರೆ ತಳಕ್ಕೂ ನಡುವಿನ ಎತ್ತರ ಎರಡು ಬೆರಳು ಆಚೀಚೆ ಆದರೂ ಸಾಕು, ಲ್ಯಾಬಿನ ದಕ್ಷತೆ ಮಾಯ. ಪಾತ್ರೆ ಬದಲಾದರೆ ಕಂಡಿಗೆ ಕೂರಲ್ಲ, ಸಂದಿಯಿಂದ ಹೊಗೆ ಬರುತ್ತೆ. ಮುಚ್ಚಿದ ಉರಿಗೂಡಿಗೆ ಸೌದೆ ಸಣ್ಣದಾಗಿ ಸೀಳಬೇಕು. ಕೊಡಲಿ ಹಿಡಿಯೋರು ಹೊಲಕ್ಕೆ ಹೋಗಿದ್ದರೆ ಉದ್ದನೆ ಕೊಂಬೆಯನ್ನೇ ತುರುಕೋಕೆ ಬಾಯಿ ಒಡೆದು ಅಗಲ ಮಾಡೋದೇ ದಾರಿ. ಕೊಳವೆಯಲ್ಲಿ ಮಸಿ ಕಟ್ಟಿದರೆ ಹೊಗೆ ವಾಪಸ್ ಮುಖಕ್ಕೆ. ಮುದ್ದೆ ತೊಳಸುವಾಗ ಕವೆಗೋಲಿನಿಂದ ಪಾತ್ರೆ ಒತ್ತಿ ಹಿಡಿದು ಕೋಲು ತಿರುವುವ ರಭಸಕ್ಕೆ ಒಲೆ ಗಟ್ಟಿ ಇರಬೇಕು, ಎತ್ತರ ಸರಿ ಇರಬೇಕು. ರೊಟ್ಟಿ ಸುಡೋರಿಗೆ ಹೆಂಚು ಬೇಕು, ಮುಂದೆ ಕೆಂಡ ಬೇಕು. ಒಂದು ಸೀಮೆಯ ಒಲೆ ಇನ್ನೊಂದು ಸೀಮೆಗೆ ಹೋದರೆ ಅಡುಗೆಯೇ ಕೆಡುತ್ತೆ.

ಒಲೆ ಕಟ್ಟಿದವನು ಕೂಲಿ ತಗೊಂಡು ಹೋದ. ರಿಪೇರಿಗೆ ಬರೋರು ಯಾರು? ಇದಕ್ಕೆ ಕಾರ್ಯಕ್ರಮದಲ್ಲಿ ಗಟ್ಟಿ ಉತ್ತರ ಇರಲಿಲ್ಲ.

ಅದೇ ಕಾಲದಲ್ಲಿ ಚೀನಾ ಕೂಡ ಒಲೆ ಹಂಚ್ತಿತ್ತು. 1990ರ ದಶಕದ ಆರಂಭಕ್ಕೆ ಅಲ್ಲಿ 12 ಕೋಟಿ ದಾಟಿತ್ತು. ಅಲ್ಲಿ ಒಲೆಯ ಖರ್ಚಿನ ಹೆಚ್ಚಿನ ಪಾಲು ಮನೆಯವರದೇ, ಸರ್ಕಾರದ ದುಡ್ಡು ಮುಖ್ಯವಾಗಿ ತರಬೇತಿಗೆ, ಉಸ್ತುವಾರಿಗೆ. ದುಡ್ಡು ಕೊಟ್ಟವರು ಒಲೆ ಕೆಟ್ಟರೆ ಸುಮ್ಮನಿರಲ್ಲ.

ಬಹಳ ವರ್ಷಗಳ ನಂತರ ಒಡಿಶಾದಲ್ಲಿ ರೇಮಾ ಹನ್ನಾ, ಎಸ್ತರ್ ಡುಫ್ಲೊ, ಮೈಕೆಲ್ ಗ್ರೀನ್‌ಸ್ಟೋನ್ ಹೊಗೆ ಕೊಳವೆಯ ಮಣ್ಣಿನ ಒಲೆಗಳನ್ನು ನಾಲ್ಕು ವರ್ಷ ಹಿಂಬಾಲಿಸಿದರು. 2016ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಮೊದಲ ವರ್ಷ ಹೊಗೆ ಸೇವನೆ ಇಳಿಯಿತು, ಆಮೇಲೆ ಆ ಲಾಭ ಕರಗಿಹೋಯಿತು. ರಿಪೇರಿ ನಿಂತಿತ್ತು, ಬಳಕೆಯೂ ಕಡಿಮೆಯಾಗಿತ್ತು.

ಯಾರ ಚಿಂತೆಗೆ ಯಾರ ಒಲೆ

ಒಲೆಯ ಚರಿತ್ರೆಯಲ್ಲಿ ನನಗೆ ಕಂಡ ಮುಖ್ಯ ಸಂಗತಿ ಇದು. ಪ್ರತಿ ಕಾಲವೂ ತನ್ನ ಚಿಂತೆಗೆ ತಕ್ಕ ಒಲೆ ಮಾಡಿತು. 1950ರ ಹೊತ್ತಿಗೆ ಚಿಂತೆ ಹೊಗೆಯದ್ದು. 1980ರಲ್ಲಿ ಕಾಡು ಉಳಿಸೋದು. ಅದೇ ಹೊತ್ತಿಗೆ ಕಿರ್ಕ್ ಸ್ಮಿತ್ ಮತ್ತು ಜೊತೆಯವರು ಗುಜರಾತಿನ ಹಳ್ಳಿಗಳಲ್ಲಿ ಅಡುಗೆ ಮಾಡುವ ಹೆಂಗಸರು ಉಸಿರಾಡುವ ಹೊಗೆಯನ್ನೇ ಅಳೆದರು, ಶ್ವಾಸಕೋಶದ ಮಾತು ಮುನ್ನೆಲೆಗೆ ಬಂತು. ಈಗ ವಿಶ್ವ ಆರೋಗ್ಯ ಸಂಸ್ಥೆ 2020ರ ಒಂದೇ ವರ್ಷದಲ್ಲಿ ಮನೆಯೊಳಗಿನ ಹೊಗೆಯಿಂದ ಜಗತ್ತಿನಲ್ಲಿ 32 ಲಕ್ಷ ಸಾವು ಅಂತ ಅಂದಾಜು ಮಾಡುತ್ತೆ. ಅಡುಗೆ ಮಾಡುವವಳ ಚಿಂತೆ ಏನು ಅನ್ನೋದನ್ನು ಕೇಳಿದ್ದು ಮಾತ್ರ ಕಡಿಮೆ.

ಪುರದಲ್ಲಿ ಅದು ಎದುರಿಗೇ ಬಂತು. ಅಸ್ತ್ರದವರು ಮೊದಲು ಅಲ್ಲಿ ಅಡುಗೆಗೆ ಸಗಣಿ ಗ್ಯಾಸ್ ಕೊಡೋಕೆ ಹೋದರು. ಎಲ್ಲ ಮನೆಗೂ ಸಾಲುವಷ್ಟು ಸಗಣಿ ಸಿಗಲಿಲ್ಲ. ಜನರಿಗೂ ಅದು ಮೊದಲ ಬೇಡಿಕೆ ಆಗಿರಲಿಲ್ಲ, ಸೌದೆ ಹೇಗೂ 'ಪುಕ್ಕಟೆ'. ಅವರಿಗೆ ಬೇಕಾಗಿದ್ದದ್ದು ಕುಡಿಯುವ ನೀರು. 1987ರಿಂದ ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ ಕೊಳವೆಬಾವಿ ನೀರು, ಮನೆಗಳಿಗೆ ದೀಪ ಕೊಟ್ಟರು. ಯೋಜನೆ ನಿಂತಿತು. ಕೇಳಿ, ತಿದ್ದಿಕೊಂಡ ಈ ಗುಣಕ್ಕಾಗಿ ಅಸ್ತ್ರದವರ ಮೇಲೆ ನನಗೆ ಗೌರವ.

2006ರಲ್ಲಿ ಬಂದ 'ಊರ್ಜಾ' ಒಲೆಯ ಕಥೆಯೂ ಹತ್ತಿರದ್ದೇ. ಟಾಟಾ ಇನ್‌ಸ್ಟಿಟ್ಯೂಟಿನ ವಿನ್ಯಾಸ, ಬಿಪಿ ಕಂಪನಿಯ ಮಾರಾಟ. ಸಣ್ಣ ಫ್ಯಾನು, ಕೃಷಿ ತ್ಯಾಜ್ಯದ ಗುಳಿಗೆ, ಹೊಗೆ ತೀರಾ ಕಡಿಮೆ. ಕರ್ನಾಟಕ, ಮಹಾರಾಷ್ಟ್ರಗಳಲ್ಲೆಲ್ಲ ಸೇರಿ ಸುಮಾರು ನಾಲ್ಕು ಲಕ್ಷ ಮಾರಾಟವಾಯಿತು. ಗುಳಿಗೆಯ ಬೆಲೆ ಏರಿತು, ಒಲೆಗೆ ಬೇರೆ ಸೌದೆ ಒಗ್ಗಲಿಲ್ಲ, ಹೆಚ್ಚಿನವರು ಬಿಟ್ಟರು.

2016ರ ಮೇನಲ್ಲಿ ಉಜ್ವಲಾ ಬಂತು. 2019ರ ಸೆಪ್ಟೆಂಬರಿಗೆ ಎಂಟು ಕೋಟಿ ಸಂಪರ್ಕ ಮುಗಿದಿತ್ತು. ಅಲ್ಲೂ ಅದೇ ಪ್ರಶ್ನೆ: ಸಂಪರ್ಕ ಎಷ್ಟು, ಮರುಭರ್ತಿ ಎಷ್ಟು?

ಊರಿನ ಮನೆಗೆ

ಹಾಗಾದ್ರೆ ಅಮ್ಮನಿಗೆ ಏನು ಹೇಳೋದು? ಹೇಳೋ ಮುಂಚೆ ಕೇಳಿ: ಒಲೆ ಯಾವುದಕ್ಕೆ ಉರೀತಿದೆ? ಬಹುಪಾಲು ಮನೆಗಳಲ್ಲಿ ಅನ್ನ, ಸಾರು, ಕಾಫಿ ಗ್ಯಾಸಿಗೆ ಬಂದಿರುತ್ತೆ. ಉಳಿದಿರೋದು ಬಚ್ಚಲ ಹಂಡೆ, ಮುದ್ದೆ ಅಥವಾ ರೊಟ್ಟಿ, ದನಕ್ಕೆ ಬೇಯಿಸೋದು.

ಹಂಡೆಗೆ ಸೋಲಾರ್ ಹಾಕಿಸಬಹುದು. ಮಲೆನಾಡಿನ ಮಳೆಗಾಲಕ್ಕೆ ಅದು ಸಾಲಲ್ಲ, ಅಲ್ಲಿ ಉರಿಗೂಡು ಮುಚ್ಚಿದ, ಹೊಗೆ ಕೊಳವೆ ಇರುವ ಹಂಡೆ ಒಲೆ ಬೇಕು. ಅಡುಗೆ ಒಲೆ ಉಳಿಸಿಕೊಳ್ಳೋದಾದ್ರೆ, ಮನೆಯ ಪಾತ್ರೆ ಅಳತೆ ಕೊಟ್ಟೇ ಕಟ್ಟಿಸಿ. ಕೊಳವೆ ಸೂರಿಗಿಂತ ಮೇಲೆ ಹೋಗಲಿ, ಮಸಿ ತೆಗೆಯೋಕೆ ಕೈಗೆ ಸಿಗೋ ಹಾಗಿರಲಿ. ಜಾಲರಿ ಕೆಳಗಿನ ಬೂದಿ ದಿನಾ ತೆಗೀಬೇಕು. ಸೌದೆ ಮಳೆಗೆ ಮುಂಚೆಯೇ ಸೀಳಿ ಒಳಗೆ ಜೋಡಿಸಿರಲಿ. ಹಸಿ ಸೌದೆ ಹಾಕಿದರೆ ಯಾವ ವಿನ್ಯಾಸವೂ ಕಾಪಾಡಲ್ಲ, ಶಾಖದ ಒಂದು ಪಾಲು ಅದರ ನೀರು ಕಾಯಿಸೋಕೇ ಹೋಗುತ್ತೆ, ಹೊಗೆಯೂ ಹೆಚ್ಚು. ಕೊನೆಯದಾಗಿ, ವರ್ಷಕ್ಕೊಮ್ಮೆ ಬಂದು ಬಿರುಕು ಮೆತ್ತಿ, ಕೊಳವೆ ನೋಡಿ ಹೋಗುವ ಒಬ್ಬರ ನಂಬರು ಮನೆಯಲ್ಲಿರಲಿ, ಅವರಿಗೆ ಕೊಡುವ ದುಡ್ಡು ನಮ್ಮಿಂದ ಹೋಗಲಿ.

ಎರಡನೇ ಸಿಲಿಂಡರ್ ಬುಕ್ ಮಾಡಿ ಕೊಟ್ಟರೆ ನಮ್ಮ ಕೆಲಸ ಮುಗಿಯಿತು ಅಂದುಕೊಳ್ಳೋದು ಸುಲಭ. ಅದು ಬೇಕು, ಖಂಡಿತ ಮಾಡಿ. ಜೊತೆಗೆ ಮುಂದಿನ ಸಲ ಊರಿಗೆ ಹೋದಾಗ ಬೆಳಿಗ್ಗೆ ಒಂದು ತಾಸು ಅಡುಗೆಮನೆಯಲ್ಲಿ, ಒಂದು ತಾಸು ಬಚ್ಚಲ ಹತ್ತಿರ ಕೂತು ನೋಡಿ. ಯಾವ ಬೆಂಕಿ ಯಾಕೆ ಉಳಿದಿದೆ ಅಂತ ಅಮ್ಮನ ಬಾಯಲ್ಲೇ ಕೇಳಿ, ಆಮೇಲೆ ದುಡ್ಡು ಎಲ್ಲಿಗೆ ಹಾಕಬೇಕು ಅಂತ ತೀರ್ಮಾನ ಮಾಡಿ.

ಮುಂದಿನ ವಾರ ಪುರದ ಸಗಣಿ ಗ್ಯಾಸ್ ಎಂಜಿನ್ ಬಗ್ಗೆಯೇ ಪೂರ್ತಿ ಒಂದು ಮಾತು ಇದೆ. ಸಿಗೋಣ, ನಮಸ್ಕಾರ.