ತಲೆಪೆಟ್ಟಿನ ಲೆಕ್ಕ

1905ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ಆರೈಕೆಗೆ ಇದ್ದ ವೈದ್ಯರಲ್ಲಿ ಎಡ್ವರ್ಡ್ ನಿಕೋಲ್ಸ್ ಮತ್ತು ಹೋಮರ್ ಸ್ಮಿತ್ ಎಂಬ ಇಬ್ಬರು ಆ ಋತುವಿನ ಗಾಯಗಳನ್ನೆಲ್ಲ ಬರೆದಿಟ್ಟುಕೊಂಡರು. 1906ರ ಜನವರಿಯಲ್ಲಿ ಬಾಸ್ಟನ್ನಿನ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಅದು ಅಚ್ಚಾಯಿತು. ಮುರಿದ ಮೂಳೆ, ತಿರುಚಿದ ಮಂಡಿಗಳ ಆ ಪಟ್ಟಿಯಲ್ಲಿ ಕನ್ಕಷನ್, ಅಂದರೆ ತಲೆಗೆ ಪೆಟ್ಟು ಬಿದ್ದು ಮಿದುಳು ಅದುರಿ ಮಂಕಾಗುವುದು, ಪದೇಪದೇ ಬರುತ್ತದೆ. ಒಬ್ಬನಿಗೂ ಕನ್ಕಷನ್ ಆಗದೆ ಮುಗಿದ ಪಂದ್ಯಗಳು ಇಡೀ ಋತುವಿನಲ್ಲಿ ಎರಡೇ ಎರಡು. ಪೆಟ್ಟು ತಿಂದವನು ಎದ್ದು ತನ್ನ ಜಾಗಕ್ಕೆ ಹೋಗಿ ನಿಲ್ಲುತ್ತಾನೆ, ಕೈಕಾಲು ಅಭ್ಯಾಸಬಲದಿಂದ ಆಡುತ್ತಿರುತ್ತವೆ, ಅವನಿಗೆ ಮೈಮೇಲೆ ಪ್ರಜ್ಞೆ ಇಲ್ಲವೆಂಬುದು ಪಕ್ಕದಲ್ಲಿದ್ದವರಿಗೂ ಎಷ್ಟೋ ಹೊತ್ತಿನ ಮೇಲೆ ಗೊತ್ತಾಗುತ್ತದೆ. ಆಟಗಾರರು ಇದನ್ನೊಂದು ತಮಾಷೆ ಎಂದುಕೊಂಡಿದ್ದಾರೆ ಎಂದೂ ವೈದ್ಯರು ಬರೆದರು.

ಅಮೆರಿಕನ್ ಫುಟ್‌ಬಾಲಿನಲ್ಲಿ ಮಿದುಳಿಗೆ ಆಗುವ ಹಾನಿ ಈಗೊಂದು ಇಪ್ಪತ್ತು ವರ್ಷಗಳ ಹಿಂದೆ ಪತ್ತೆಯಾಯಿತು ಎಂದು ಹೇಳುವ ರೂಢಿಯಿದೆ. ಹಳೆಯ ಕಾಗದಪತ್ರ ತೆಗೆದು ನೋಡಿದರೆ ಆ ಮಾತು ನಿಲ್ಲುವುದಿಲ್ಲ. ಗೊತ್ತಾದದ್ದನ್ನು ಮಡಚಿ ಕಪಾಟಿನಲ್ಲಿಡುವ ಕೆಲಸ ಅಲ್ಲಿ ನೂರು ವರ್ಷ ನಡೆದಿದೆ.

ಆ ಆಟ ನಮ್ಮ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಎದುರಾಳಿಗಳ ಸಾಲನ್ನು ಸೀಳಿ ನುಗ್ಗಬೇಕು. ಶುರುವಿನ ದಿನಗಳಲ್ಲಿ ಚೆಂಡನ್ನು ಮುಂದಕ್ಕೆ ಎಸೆಯುವಂತೆಯೂ ಇರಲಿಲ್ಲ, ತಳ್ಳಾಟವೇ ಆಟ. 1892ರ ನವೆಂಬರಿನಲ್ಲಿ ಸ್ಪ್ರಿಂಗ್‌ಫೀಲ್ಡಿನಲ್ಲಿ ನಡೆದ ಹಾರ್ವರ್ಡ್-ಯೇಲ್ ಪಂದ್ಯದಲ್ಲಿ ಹಾರ್ವರ್ಡಿನವರು ಒಂದು ಹೊಸ ವ್ಯೂಹ ಹೂಡಿದರು. ಎರಡು ಗುಂಪಾಗಿ ಹಿಂದಿನಿಂದ ಓಡಿಬಂದು, ಓಡುತ್ತಲೇ ಬೆಣೆಯ ಆಕಾರಕ್ಕೆ ಕೂಡಿಕೊಂಡು, ಎದುರಿನ ಸಾಲಿನ ಒಂದೇ ಜಾಗಕ್ಕೆ ಒಟ್ಟಿಗೆ ಅಪ್ಪಳಿಸುವುದು. ‘ಹಾರುವ ಬೆಣೆ’ ಎಂದು ಅದಕ್ಕೆ ಹೆಸರಾಯಿತು. ಇದನ್ನು ಕಟ್ಟಿಕೊಟ್ಟ ಲೋರಿನ್ ಡಿಲ್ಯಾಂಡ್ ಫುಟ್‌ಬಾಲ್ ಆಡಿದವನೇ ಅಲ್ಲ, ಚದುರಂಗದ ಹುಚ್ಚಿನವನು, ನೆಪೋಲಿಯನ್ನನ ಯುದ್ಧಗಳನ್ನು ಓದಿಕೊಂಡಿದ್ದವನು. ಕಾಯಿಗಳಿಗೆ ನೋವಾಗದ ಆಟದಿಂದ ಬಂದವನಿಗೆ ಇಂಥದ್ದು ಹೊಳೆದದ್ದರಲ್ಲಿ ಅಚ್ಚರಿಯೇನಿಲ್ಲ. ಎರಡೇ ವರ್ಷದಲ್ಲಿ ಬೆಣೆಗೆ ನಿಷೇಧ ಬಿತ್ತು. ಗುಂಪುಗುಂಪಾಗಿ ಮೇಲೆ ಬೀಳುವ ಚಾಳಿ ನಿಲ್ಲಲಿಲ್ಲ.

1905ರ ಅಕ್ಟೋಬರ್ 9ರಂದು ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ಗಳ ಫುಟ್‌ಬಾಲ್ ಮುಖಂಡರನ್ನು ಶ್ವೇತಭವನಕ್ಕೆ ಕರೆಸಿದರು. ಅವರ ಮಗನೇ ಆಗ ಹಾರ್ವರ್ಡಿನ ಮೊದಲ ವರ್ಷದವರ ತಂಡದಲ್ಲಿ ಆಡುತ್ತಿದ್ದ. ಅದಾಗಿ ಏಳು ವಾರಕ್ಕೆ ಯೂನಿಯನ್ ಕಾಲೇಜಿನ ಹೆರಾಲ್ಡ್ ಮೂರ್ ನ್ಯೂಯಾರ್ಕ್ ವಿಶ್ವವಿದ್ಯಾಲಯದ ವಿರುದ್ಧದ ಪಂದ್ಯದಲ್ಲಿ ಪೆಟ್ಟು ತಿಂದು, ಮಿದುಳಿನಲ್ಲಿ ರಕ್ತಸ್ರಾವವಾಗಿ ತೀರಿಕೊಂಡ. ಷಿಕಾಗೋ ಟ್ರಿಬ್ಯೂನ್ ಪತ್ರಿಕೆಯ ಲೆಕ್ಕದಲ್ಲಿ ಆ ವರ್ಷ ಶಾಲಾ ಮಕ್ಕಳೂ ಸೇರಿ ಸತ್ತವರು 19. ಕೊಲಂಬಿಯಾ ವಿಶ್ವವಿದ್ಯಾಲಯ ಆಟವನ್ನೇ ಕೈಬಿಟ್ಟಿತು. ಉಳಿದ ಕಾಲೇಜುಗಳು ಸಭೆ ಸೇರಿ 1906ರಲ್ಲಿ ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ಕೊಟ್ಟವು. ಚೆಂಡನ್ನು ಕೈಯಲ್ಲಿ ಉಳಿಸಿಕೊಳ್ಳಲು ಐದು ಗಜ ಗೆಲ್ಲಬೇಕಿದ್ದ ಕಡೆ ಹತ್ತು ಗಜ ಮಾಡಿದವು. ಮುಂದೆ ಎನ್‌ಸಿಎಎ ಎಂದು ಹೆಸರಾದ ಕಾಲೇಜು ಕ್ರೀಡೆಗಳ ಸಂಸ್ಥೆ ಹುಟ್ಟಿದ್ದು ಆ ಸಭೆಗಳಿಂದಲೇ. ಸುಧಾರಣೆ ನಿಜವಾದದ್ದೇ. ಆದರೆ ಅದು ಹಿಡಿದ ಅಳತೆಗೋಲು ಸಾವು ಮಾತ್ರ. ನಿಕೋಲ್ಸ್, ಸ್ಮಿತ್ ಬರೆದಿಟ್ಟ ಮಂಕು ಕವಿದ ಹುಡುಗರು ಅದೇ ವರ್ಷ ಅಚ್ಚಿನಲ್ಲಿದ್ದರೂ ಯಾರ ಲೆಕ್ಕಕ್ಕೂ ಸಿಗಲಿಲ್ಲ.

ಈ ನಡುವೆ ತಲೆಗೆ ಟೊಪ್ಪಿಗೆ ಬಂದಿತ್ತು. 1893ರ ಸೇನೆ-ನೌಕಾಪಡೆ ಪಂದ್ಯಕ್ಕೆ ಜೋಸೆಫ್ ರೀವ್ಸ್ ಎಂಬ ನೌಕಾ ಕೆಡೆಟ್, ಇನ್ನೊಂದು ಪೆಟ್ಟು ಬಿದ್ದರೆ ಉಳಿಗಾಲವಿಲ್ಲವೆಂದು ವೈದ್ಯರು ಹೆದರಿಸಿದ ಮೇಲೆ, ಅನಾಪೊಲಿಸ್ಸಿನ ಚಮ್ಮಾರನ ಕೈಲಿ ಟೊಪ್ಪಿ ಹೊಲಿಸಿಕೊಂಡು ಬಂದನೆಂಬ ಕಥೆಯಿದೆ. ಮುಂದೆ ಅವನು ಅಡ್ಮಿರಲ್ ಆದ. ಚರ್ಮದ ಟೊಪ್ಪಿಗಳ ಕಾಲ ಮುಗಿಸಿದ್ದು 1939ರಲ್ಲಿ ರಿಡೆಲ್ ಕಂಪನಿ ತಂದ ಪ್ಲಾಸ್ಟಿಕ್ ಹೆಲ್ಮೆಟ್. 1943ರಲ್ಲಿ ವೃತ್ತಿಪರ ಲೀಗಾದ ಎನ್‌ಎಫ್‌ಎಲ್ ಹೆಲ್ಮೆಟ್ಟನ್ನು ಕಡ್ಡಾಯ ಮಾಡಿತು.

ಹೆಲ್ಮೆಟ್ ತಲೆಬುರುಡೆಯನ್ನು ಕಾಯುತ್ತದೆ, ಒಳಗಿನ ಮಿದುಳನ್ನು ಅಷ್ಟಾಗಿ ಕಾಯಲಾರದು. ಸ್ಟೀಲ್ ಡಬ್ಬಿಗೆ ಗಟ್ಟಿ ಮೊಸರು ತುಂಬಿ ಹಳ್ಳಿ ಬಸ್ಸಿನಲ್ಲಿ ಒಯ್ದರೆ ಡಬ್ಬಿಗೇನೂ ಆಗಿರುವುದಿಲ್ಲ, ಮೊಸರು ಮಾತ್ರ ಒಡೆದಿರುತ್ತದೆ. ಓಡುತ್ತಿದ್ದ ತಲೆ ಗಕ್ಕನೆ ನಿಂತಾಗ, ಇಲ್ಲವೇ ಪಕ್ಕಕ್ಕೆ ತಿರುಚಿಕೊಂಡಾಗ, ಮಿದುಳಿನ ಎಳೆಗಳು ಜಗ್ಗುತ್ತವೆ. ಇದರ ಜೊತೆಗೆ ಗಟ್ಟಿ ಹೆಲ್ಮೆಟ್ ಆಟಗಾರನಿಗೊಂದು ಹುಂಬ ಧೈರ್ಯ ಕೊಟ್ಟಿತು. ತಲೆ ತಗ್ಗಿಸಿ ನೆತ್ತಿಯಿಂದಲೇ ಗುದ್ದುವುದು ಅರವತ್ತರ ದಶಕಕ್ಕೆ ಮಾಮೂಲಾಯಿತು, ಹಾಗೆ ಗುದ್ದಲು ಕಲಿಸುವ ತರಬೇತುದಾರರೂ ಇದ್ದರು. 1968ರಲ್ಲಿ, ಶಾಲೆ-ಕಾಲೇಜುಗಳೂ ಸೇರಿದಂತೆ, ಆಟದ ಪೆಟ್ಟಿನಿಂದಲೇ ಸತ್ತವರು 36 ಮಂದಿ. 1973ರಲ್ಲಿ ಹೆಲ್ಮೆಟ್ಟಿಗೆ ಗುಣಮಟ್ಟದ ನಿಯಮ ಬಂತು, ಡಾ. ಜೋಸೆಫ್ ಟಾರ್ಗ್ ಕತ್ತಿನ ಗಾಯಗಳ ದಾಖಲೆ ಕಲೆಹಾಕಿ ತೋರಿಸಿದ ಮೇಲೆ 1976ರಲ್ಲಿ ನೆತ್ತಿಯಿಂದ ಗುದ್ದುವುದಕ್ಕೆ ಶಾಲೆ, ಕಾಲೇಜುಗಳಲ್ಲಿ ನಿಷೇಧ ಬಂತು. 1990ರಲ್ಲಿ ಇಡೀ ದೇಶದಲ್ಲಿ ಅಂಥ ಒಂದು ಸಾವೂ ಆಗಲಿಲ್ಲ. ಈ ಆಟದ ಚರಿತ್ರೆಯಲ್ಲಿ ಹೆಮ್ಮೆಪಡಬಹುದಾದ ಸಂಗತಿ ಇದೊಂದು.

ಅತ್ತ ಬಾಕ್ಸಿಂಗ್ ಲೋಕದಲ್ಲಿ ಬೇರೊಂದು ವಿಚಾರ ಬಹಳ ಹಿಂದೆಯೇ ಬಯಲಾಗಿತ್ತು. ನ್ಯೂಜೆರ್ಸಿಯ ಹ್ಯಾರಿಸನ್ ಮಾರ್ಟ್‌ಲೆಂಡ್ 1928ರಲ್ಲೇ, ವರ್ಷಗಟ್ಟಲೆ ತಲೆಗೆ ಗುದ್ದಿಸಿಕೊಂಡ ಬಾಕ್ಸರುಗಳು ಕುಡಿಯದೆಯೂ ಕುಡುಕರಂತೆ ತೂರಾಡುವುದನ್ನೂ, ತೊದಲುವುದನ್ನೂ, ನೆನಪು ಕಳೆದುಕೊಳ್ಳುವುದನ್ನೂ ಬರೆದಿದ್ದ. 1937ರಲ್ಲಿ ಅದಕ್ಕೊಂದು ಲ್ಯಾಟಿನ್ ಹೆಸರೂ ಸಿಕ್ಕಿತು. ಫುಟ್‌ಬಾಲಿನವರಿಗೂ ಹೀಗಾಗಬಹುದೇ ಎಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಹೆಲ್ಮೆಟ್ ಇತ್ತಲ್ಲ.

ಮೈಕ್ ವೆಬ್‌ಸ್ಟರ್ ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡದ ಸೆಂಟರ್. ಪ್ರತಿ ಸಲವೂ ಆಟ ಶುರುವಾಗುವುದು ಅವನ ಕೈಯಿಂದ: ಬಗ್ಗಿ, ಕಾಲುಗಳ ನಡುವಿನಿಂದ ಚೆಂಡನ್ನು ಹಿಂದಕ್ಕೆ ಕೊಟ್ಟು, ಮರುಗಳಿಗೆಯಲ್ಲಿ ಎದುರಿನ ಆಳಿಗೆ ತಲೆ ಕೊಡಬೇಕು. ಬಿದ್ದು ಎಚ್ಚರ ತಪ್ಪುವಂಥ ಪೆಟ್ಟಲ್ಲ ಅದು; ಯಾವ ದಾಖಲೆಗೂ ಸೇರದ, ಪಂದ್ಯವೊಂದರಲ್ಲೇ ಹತ್ತಾರು ಸಲ, ಅಭ್ಯಾಸದ ದಿನಗಳಲ್ಲೂ ತಪ್ಪದ ಸಣ್ಣ ಡಿಕ್ಕಿ. 1974ರಿಂದ 1990ರವರೆಗೆ 17 ಋತು ಆಡಿದ ವೆಬ್‌ಸ್ಟರ್ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲನ್ನು ನಾಲ್ಕು ಸಲ ಗೆದ್ದ, 1997ರಲ್ಲಿ ಆಟದ ದಿಗ್ಗಜರ ಸಾಲಾದ ಹಾಲ್ ಆಫ್ ಫೇಮ್ ಸೇರಿದ. ಆ ಹೊತ್ತಿಗಾಗಲೇ ಬದುಕು ಚೆದುರಿಹೋಗಿತ್ತು. ಪಿಕಪ್ ಟ್ರಕ್ಕಿನಲ್ಲಿ ಮಲಗುತ್ತಿದ್ದ. ಉದುರಿದ ಹಲ್ಲನ್ನು ಸೂಪರ್ ಗ್ಲೂ ಹಾಕಿ ಅಂಟಿಸಿಕೊಳ್ಳುತ್ತಿದ್ದ. ನೋವು ತಡೆಯಲಾರದೆ, ನಿದ್ದೆ ಬರಲೆಂದು, ಟೇಸರ್ ಯಂತ್ರದಿಂದ ತನಗೆ ತಾನೇ ವಿದ್ಯುತ್ ಹೊಡೆಸಿಕೊಳ್ಳುತ್ತಿದ್ದ.

1999ರಲ್ಲಿ ಲೀಗಿನ ನಿವೃತ್ತಿ ಮಂಡಳಿ ವೆಬ್‌ಸ್ಟರನ ಅರ್ಜಿ ಪರಿಶೀಲಿಸಿ ಅಂಗವೈಕಲ್ಯದ ಪಿಂಚಣಿ ಮಂಜೂರು ಮಾಡಿತು. ಆಡುವಾಗ ತಲೆಗೆ ಬಿದ್ದ ಪೆಟ್ಟುಗಳಿಂದಲೇ ಅವನ ಮಿದುಳು ಕೆಟ್ಟಿದೆ ಎಂಬುದು ಆ ಕಡತದಲ್ಲೇ ಇತ್ತು. ಮಂಡಳಿಯಲ್ಲಿ ತಂಡದ ಮಾಲೀಕರ ಪ್ರತಿನಿಧಿಗಳೂ, ಆಟಗಾರರ ಪ್ರತಿನಿಧಿಗಳೂ ಕೂರುತ್ತಾರೆ. ಅದೇ ಲೀಗು 1994ರಲ್ಲಿ ಮಿದುಳಿನ ಪೆಟ್ಟಿನ ಅಧ್ಯಯನಕ್ಕೆಂದು ಸಮಿತಿ ಮಾಡಿತ್ತು. ಅದರ ಮುಖ್ಯಸ್ಥ ಎಲಿಯಟ್ ಪೆಲ್‌ಮನ್ ಕೀಲುವಾತದ ವೈದ್ಯ, ನರರೋಗ ತಜ್ಞನಲ್ಲ. ಸಮಿತಿ 2003ರಿಂದ ಒಂದರ ಹಿಂದೊಂದು ಪ್ರಬಂಧ ಪ್ರಕಟಿಸಿ ಭಯಪಡುವಂಥದ್ದೇನೂ ಇಲ್ಲವೆಂದಿತು. ಕನ್ಕಷನ್ ಆದ ಆಟಗಾರ ಅದೇ ಪಂದ್ಯಕ್ಕೆ ಮರಳಿದರೂ ದೊಡ್ಡ ಅಪಾಯವಿಲ್ಲ ಎಂದೂ ಬರೆಯಿತು. ಎಡಗೈ ಬರೆದದ್ದು ಬಲಗೈಗೆ ತಿಳಿಯಲಿಲ್ಲ ಎಂದು ನಂಬುವುದು ಕಷ್ಟ. ಆ ಅಧ್ಯಯನದ ಅಂಕಿಅಂಶಗಳಲ್ಲಿ ನೂರಕ್ಕೂ ಹೆಚ್ಚು ಕನ್ಕಷನ್‌ಗಳು ಬಿಟ್ಟುಹೋಗಿದ್ದವು ಎಂದು ನ್ಯೂಯಾರ್ಕ್ ಟೈಮ್ಸ್ 2016ರಲ್ಲಿ ವರದಿ ಮಾಡಿತು.

ವೆಬ್‌ಸ್ಟರ್ 2002ರ ಸೆಪ್ಟೆಂಬರಿನಲ್ಲಿ, 50ನೆಯ ವಯಸ್ಸಿಗೆ ತೀರಿಕೊಂಡ. ಪಿಟ್ಸ್‌ಬರ್ಗಿನ ಶವಾಗಾರದಲ್ಲಿ ಅಂದು ಕೆಲಸದಲ್ಲಿದ್ದದ್ದು ಬೆನೆಟ್ ಒಮಾಲು. ನೈಜೀರಿಯಾದಲ್ಲಿ ಬಿಯಾಫ್ರಾ ಯುದ್ಧದ ನಡುವೆ ಹುಟ್ಟಿದ ಈ ರೋಗಶಾಸ್ತ್ರಜ್ಞನಿಗೆ ಅಮೆರಿಕನ್ ಫುಟ್‌ಬಾಲಿನ ಗಂಧಗಾಳಿ ಇರಲಿಲ್ಲ. ಬಹುಶಃ ಅದೇ ಒಳ್ಳೆಯದಾಯಿತು. ಹೊರಗೆ ತೆಗೆದ ಮಿದುಳು ಕಣ್ಣಿಗೆ ಸರಿಯಾಗಿಯೇ ಕಂಡಿತು. ಕುಗ್ಗಿರಲಿಲ್ಲ, ಜಜ್ಜಿರಲಿಲ್ಲ. ಅಷ್ಟಕ್ಕೇ ಮುಗಿಸಬಹುದಿತ್ತು. ಒಮಾಲು ಅದನ್ನು ರಾಸಾಯನಿಕದಲ್ಲಿ ಇರಿಸಿ, ತೆಳುವಾಗಿ ಕೊಯ್ಯಿಸಿ, ಸ್ವಂತ ದುಡ್ಡು ಹಾಕಿ ಬಣ್ಣ ಹಿಡಿಸಿ ನೋಡಿದ. ಇರಬಾರದ ಕಡೆ ಟೌ ಎಂಬ ಪ್ರೋಟೀನಿನ ಕಂದು ಗಂಟುಗಳಿದ್ದವು. ಆರೋಗ್ಯವಂತ ನರಕೋಶದಲ್ಲಿ ಟೌ ಒಳಗಿನ ಸಣ್ಣ ಕೊಳವೆಗಳನ್ನು ಹಿಡಿದು ನಿಲ್ಲಿಸುತ್ತದೆ. ಕೆಟ್ಟ ಟೌ ಕಳಚಿಕೊಂಡು ಗಂಟುಗಟ್ಟಿ, ಆ ಕೋಶವನ್ನೇ ಕೊಲ್ಲುತ್ತದೆ. ಸಿಟಿಇ ಎಂಬ ಈ ಕಾಯಿಲೆಯಲ್ಲಿ ಗಂಟುಗಳು ಮಿದುಳಿನ ಮಡಿಕೆಗಳ ಆಳದಲ್ಲಿ, ಸಣ್ಣ ರಕ್ತನಾಳಗಳ ಸುತ್ತ ಕೂರುತ್ತವೆ. ಅದನ್ನು ಖಚಿತವಾಗಿ ಹೇಳಲು ಸತ್ತ ಮೇಲೆ ಮಿದುಳನ್ನು ಕೊಯ್ದೇ ನೋಡಬೇಕು.

2005ರಲ್ಲಿ ಒಮಾಲು ಮತ್ತು ಸಂಗಡಿಗರ ಪ್ರಬಂಧ ‘ನ್ಯೂರೋಸರ್ಜರಿ’ ಪತ್ರಿಕೆಯಲ್ಲಿ ಬಂತು. ಲೀಗಿನ ಸಮಿತಿಯ ಮೂವರು ಸದಸ್ಯರು ಅದನ್ನು ವಾಪಸು ತೆಗೆಸಬೇಕೆಂದು ಪತ್ರ ಬರೆದರು. ಪತ್ರಿಕೆ ಒಪ್ಪಲಿಲ್ಲ. ಎರಡನೆಯ ಮಿದುಳು, ಮೂರನೆಯ ಮಿದುಳು ಅದನ್ನೇ ಹೇಳಿದವು. ಹಾರ್ವರ್ಡಿನಲ್ಲಿ ಫುಟ್‌ಬಾಲ್ ಆಡಿ, ಆಮೇಲೆ ಟಿವಿ ಕುಸ್ತಿಗೆ ಹೋಗಿ ತಲೆಪೆಟ್ಟಿನಿಂದಲೇ ಅದನ್ನು ಬಿಟ್ಟಿದ್ದ ಕ್ರಿಸ್ ನೊವಿನ್‌ಸ್ಕಿ ಎಂಬಾತ ವಿಚಿತ್ರವಾದ ಕೆಲಸವೊಂದನ್ನು ಮೈಮೇಲೆ ಹಾಕಿಕೊಂಡ: ಆಟಗಾರ ಸತ್ತ ಸುದ್ದಿ ಬಂದ ಮನೆಗೆ ಫೋನು ಮಾಡಿ ಮಿದುಳನ್ನು ಕೊಡುತ್ತೀರಾ ಎಂದು ಕೇಳುವುದು. ಸೂತಕದ ಮನೆಯಲ್ಲಿ ಅಂಥ ಮಾತೆತ್ತಲು ಎಷ್ಟು ಗಟ್ಟಿ ಗುಂಡಿಗೆ ಬೇಕೋ. ಕೇಳಿದವರಲ್ಲಿ ಎಷ್ಟೋ ಜನ ಕೊಟ್ಟರು. 2008ರಿಂದ ಬಾಸ್ಟನ್ ವಿಶ್ವವಿದ್ಯಾಲಯದಲ್ಲಿ ಆ್ಯನ್ ಮಕೀ ಅವರ ಪ್ರಯೋಗಾಲಯಕ್ಕೆ ಮಿದುಳುಗಳು ಬರತೊಡಗಿದವು.

2009ರ ಅಕ್ಟೋಬರಿನಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯೊಂದರ ಮುಂದೆ ಲೀಗಿನ ಕಮಿಷನರ್ ರೋಜರ್ ಗುಡೆಲ್ ಆಟಕ್ಕೂ ಮಿದುಳಿನ ಹಾನಿಗೂ ನಂಟಿದೆಯೇ ಎಂಬ ಪ್ರಶ್ನೆಗೆ ನೇರ ಉತ್ತರ ಕೊಡದೆ ನುಣುಚಿಕೊಂಡಾಗ, ಸದಸ್ಯೆ ಲಿಂಡಾ ಸ್ಯಾಂಚೆಜ್ ಇದು ತಂಬಾಕು ಕಂಪನಿಗಳ ಮಾತಿನಂತಿದೆ ಎಂದರು. ಎರಡು ತಿಂಗಳು ಕಳೆಯುವುದರೊಳಗೆ ಲೀಗಿನ ವಕ್ತಾರ, ಕನ್ಕಷನ್‌ಗಳಿಂದ ದೀರ್ಘಕಾಲದ ತೊಂದರೆಗಳಾಗಬಹುದೆಂದು ಒಪ್ಪಿಕೊಂಡ. ಫುಟ್‌ಬಾಲಿಗೂ ಸಿಟಿಇಗೂ ನಂಟಿದೆಯೇ ಎಂದು ಕೇಳಿದಾಗ ಹಿರಿಯ ಅಧಿಕಾರಿಯೊಬ್ಬರ ಬಾಯಿಂದ ಹೌದು ಎಂಬ ಮಾತು ಬರಲು 2016ರ ಮಾರ್ಚ್ ಆಗಬೇಕಾಯಿತು. ನಡುವಿನ ವರ್ಷಗಳಲ್ಲಿ ಷಿಕಾಗೋ ಬೇರ್ಸ್ ತಂಡದ ಡೇವ್ ಡ್ಯೂರ್‌ಸನ್, ತನ್ನ ಮಿದುಳನ್ನು ಪರೀಕ್ಷೆಗೆ ಕೊಡಿ ಎಂದು ಬರೆದಿಟ್ಟು ಪ್ರಾಣ ಕಳೆದುಕೊಂಡಿದ್ದ. ನಿವೃತ್ತ ಆಟಗಾರರ ಅಂಗವೈಕಲ್ಯದ ಅರ್ಜಿಗಳನ್ನು ನೋಡುವ ಮಂಡಳಿಯಲ್ಲಿ ಅವನೇ ಒಬ್ಬ ಸದಸ್ಯನಾಗಿದ್ದ. ಅವನ ಮಿದುಳಿನಲ್ಲೂ ಸಿಟಿಇ ಸಿಕ್ಕಿತು.

ಬಾಸ್ಟನ್ನಿನವರು 2017ರಲ್ಲಿ ಪ್ರಕಟಿಸಿದ ಅಂಕಿ ಈಗ ಎಲ್ಲರ ಬಾಯಲ್ಲಿದೆ: ಪರೀಕ್ಷಿಸಿದ 111 ಎನ್‌ಎಫ್‌ಎಲ್ ಆಟಗಾರರ ಮಿದುಳುಗಳಲ್ಲಿ 110ರಲ್ಲಿ ಸಿಟಿಇ. ಇದನ್ನು ಹಿಡಿದು ನೂರಕ್ಕೆ ತೊಂಬತ್ತೊಂಬತ್ತು ಆಟಗಾರರಿಗೆ ಕಾಯಿಲೆ ಬರುತ್ತದೆ ಎನ್ನುವುದು ತಪ್ಪು. ಮಿದುಳು ದಾನ ಮಾಡಿದ್ದು ಹೆಚ್ಚಾಗಿ ಏನೋ ಕೆಟ್ಟಿದೆ ಎಂಬ ಅನುಮಾನವಿದ್ದ ಮನೆಗಳವರು. ಸಂಶೋಧಕರೂ ಅದನ್ನು ಸ್ಪಷ್ಟವಾಗಿಯೇ ಹೇಳಿದ್ದಾರೆ. ಆದರೂ ಅಪರೂಪದ ಕಾಯಿಲೆಯಾಗಿದ್ದರೆ ಇಷ್ಟು ಮಿದುಳುಗಳಲ್ಲಿ ಸಿಗುತ್ತಿರಲಿಲ್ಲ.

ಮೊಕದ್ದಮೆಗಳು 2011ರಲ್ಲಿ ಶುರುವಾದವು. ನಾಲ್ಕೂವರೆ ಸಾವಿರಕ್ಕೂ ಹೆಚ್ಚು ಮಾಜಿ ಆಟಗಾರರು ಸೇರಿಕೊಂಡರು. 2013ರಲ್ಲಿ 76.5 ಕೋಟಿ ಡಾಲರಿಗೆ ರಾಜಿಯಾಯಿತು. ಅಷ್ಟು ಸಾಲುತ್ತದೆಯೇ ಎಂದು ನ್ಯಾಯಾಧೀಶೆ ಅನಿತಾ ಬ್ರಾಡಿ ಅನುಮಾನಪಟ್ಟ ಮೇಲೆ ಮಿತಿ ತೆಗೆದುಹಾಕಿ, 2015ರಲ್ಲಿ ಒಪ್ಪಿಗೆ ಸಿಕ್ಕಿತು. ಈವರೆಗೆ ನೂರು ಕೋಟಿ ಡಾಲರಿಗೂ ಹೆಚ್ಚು ಹಣ ಮಂಜೂರಾಗಿದೆ. ಒಳಗಿನ ಷರತ್ತುಗಳು ಬೇರೆಯೇ ಕಥೆ. ಸಿಟಿಇ ಇದ್ದು ಸತ್ತವರಿಗೆಂದು ಇಟ್ಟ ಪರಿಹಾರ 2015ರ ಆ ಒಪ್ಪಿಗೆಗೆ ಮುಂಚೆ ಸತ್ತವರಿಗೆ ಮಾತ್ರ. ಆಮೇಲೆ ಸತ್ತವರ ಮಿದುಳಿನಲ್ಲಿ ಅದೇ ಗಂಟುಗಳು ಸಿಕ್ಕರೂ ಆ ಬಾಬ್ತಿನಲ್ಲಿ ಬಿಡಿಗಾಸಿಲ್ಲ. ಬದುಕಿರುವವರ ಮರೆವನ್ನು ಅಳೆಯುವಾಗ ಕಪ್ಪು ಆಟಗಾರರ ಬುದ್ಧಿಮಟ್ಟ ಮೊದಲೇ ಕಡಿಮೆಯಿತ್ತು ಎಂದು ಎಣಿಸುವ ಸೂತ್ರವೊಂದು ಬಳಕೆಯಲ್ಲಿತ್ತು. ಅದರಿಂದಾಗಿ ಒಂದೇ ಅಂಕ ಪಡೆದ ಬಿಳಿಯನಿಗೆ ಪರಿಹಾರ ಸಿಕ್ಕಿ ಕಪ್ಪು ಆಟಗಾರನಿಗೆ ಸಿಗದೆ ಹೋಗಬಹುದಿತ್ತು, ಅದೂ ಹೆಚ್ಚಿನ ಆಟಗಾರರು ಕಪ್ಪು ಜನರೇ ಆಗಿರುವ ಲೀಗಿನಲ್ಲಿ. 2020ರಲ್ಲಿ ಕೆವಿನ್ ಹೆನ್ರಿ, ನಾಜೆ ಡಾವನ್‌ಪೋರ್ಟ್ ಎಂಬಿಬ್ಬರು ಕೋರ್ಟಿಗೆ ಹೋದ ಮೇಲೆ ಅದನ್ನು ಕೈಬಿಟ್ಟರು. ಈ ಇಡೀ ಚರಿತ್ರೆಯಲ್ಲಿ ಇದಕ್ಕಿಂತ ನಾಚಿಕೆಗೇಡಿನ ಅಧ್ಯಾಯ ಹುಡುಕಬೇಕು.

ಮೈದಾನದ ನಿಯಮಗಳೇನೋ ಬದಲಾಗುತ್ತಲೇ ಬಂದಿವೆ. ಹೆಲ್ಮೆಟ್ಟು ತಗ್ಗಿಸಿ ಗುದ್ದಿದರೆ 2018ರಿಂದ ದಂಡ. ಎರಡೂ ಕಡೆಯವರು ದೂರದಿಂದ ಓಡಿಬಂದು ಡಿಕ್ಕಿ ಹೊಡೆಯುತ್ತಿದ್ದ ಕಿಕ್‌ಆಫನ್ನು 2024ರಲ್ಲಿ ಹತ್ತಿರ ಹತ್ತಿರ ನಿಂತು ಆಡುವಂತೆ ಮಾರ್ಪಡಿಸಿದರು. ಹೆಲ್ಮೆಟ್ಟಿನ ಮೇಲೆ ತೊಡಿಸುವ ಮೆತ್ತನೆಯ ಗಾರ್ಡಿಯನ್ ಕ್ಯಾಪನ್ನು 2022ರಲ್ಲಿ ಅಭ್ಯಾಸ ಶಿಬಿರಗಳಲ್ಲಿ ಕೆಲವು ಸ್ಥಾನದವರಿಗೆ ಕಡ್ಡಾಯ ಮಾಡಿ, 2024ರಿಂದ ಪಂದ್ಯದಲ್ಲೂ ಬೇಕಾದವರು ಹಾಕಿಕೊಳ್ಳಬಹುದು ಎಂದರು.

ಅದೇ 2022ರ ಸೆಪ್ಟೆಂಬರ್ 25ರಂದು ಮಯಾಮಿ ಡಾಲ್ಫಿನ್ಸ್ ತಂಡದ ಕ್ವಾರ್ಟರ್‌ಬ್ಯಾಕ್ ಟುವಾ ಟಗೋವಾಯ್ಲೋವಾ ಬಿದ್ದು ಎದ್ದಾಗ ಕಾಲು ತಡವರಿಸಿದ್ದನ್ನು ಟಿವಿ ಮುಂದಿದ್ದವರೆಲ್ಲ ನೋಡಿದರು. ಬೆನ್ನಿನ ತೊಂದರೆ ಎಂದು ಹೇಳಿ ಅವನನ್ನು ಮತ್ತೆ ಆಡಿಸಿದರು. ನಾಲ್ಕೇ ದಿನಕ್ಕೆ ಸಿನ್ಸಿನ್ಯಾಟಿಯಲ್ಲಿ ತಲೆ ನೆಲಕ್ಕಪ್ಪಳಿಸಿ ಬೆರಳುಗಳು ಸೆಟೆದುಕೊಂಡವು, ಸ್ಟ್ರೆಚರಿನಲ್ಲಿ ಹೊತ್ತೊಯ್ದರು. ಹಾಗೆ ತೂರಾಡುವವನನ್ನು ಆ ದಿನ ಮತ್ತೆ ಆಡಿಸಕೂಡದು ಎಂಬ ನಿಯಮ ಬಂದದ್ದು ಅದಾದ ಮೇಲೆ, ಅಕ್ಟೋಬರಿನಲ್ಲಿ. 2024ರ ಜುಲೈನಲ್ಲಿ ಡಾಲ್ಫಿನ್ಸ್ ಅವನ ಜೊತೆ ನಾಲ್ಕು ವರ್ಷಕ್ಕೆ 21 ಕೋಟಿ ಡಾಲರ್ ಮೀರಿದ ಒಪ್ಪಂದ ಮಾಡಿಕೊಂಡಿತು. ಸೆಪ್ಟೆಂಬರಿನಲ್ಲಿ ಮತ್ತೊಂದು ಕನ್ಕಷನ್. ಆರು ವಾರದ ಬಳಿಕ ಅವನು ಮೈದಾನಕ್ಕೆ ಮರಳುವಾಗ ಗಾರ್ಡಿಯನ್ ಕ್ಯಾಪ್ ಹಾಕಿಕೊಳ್ಳುತ್ತೀರಾ ಎಂದು ಪತ್ರಕರ್ತರು ಕೇಳಿದರು. ಇಲ್ಲ, ಅದು ನನ್ನ ವೈಯಕ್ತಿಕ ಆಯ್ಕೆ ಎಂದ.