ರೋಟಾವ್ಯಾಕ್

ರೋಟಾವ್ಯಾಕ್ ಎಂಬುದು ರೋಟಾವೈರಸ್‌ನಿಂದ ಶಿಶುಗಳಲ್ಲಿ ಉಂಟಾಗುವ ತೀವ್ರ ಅತಿಸಾರವನ್ನು ತಡೆಯಲು ಬಾಯಿಯ ಮೂಲಕ ಹನಿಗಳಾಗಿ ನೀಡುವ ಲಸಿಕೆ. ಹೈದರಾಬಾದಿನ ಭಾರತ್ ಬಯೋಟೆಕ್ ಸಂಸ್ಥೆ ಇದನ್ನು ತಯಾರಿಸುತ್ತದೆ. ಇದರ ಮೂಲವಾದ 116ಇ ತಳಿಯು ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ (ಏಮ್ಸ್) ದೊರೆಯಿತು. ಆರಂಭದ ಹಂತದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐ321 ತಳಿಯೂ ಇದರೊಂದಿಗೆ ಪರೀಕ್ಷೆಗೆ ಒಳಪಟ್ಟಿತ್ತು. ವಿದ್ಯಾಸಂಸ್ಥೆಗಳ ಸಂಶೋಧನೆ ಉದ್ಯಮದ ನೆರವಿನಿಂದ ಜನರನ್ನು ತಲುಪಿದ ನಿದರ್ಶನವಾಗಿ ಈ ಲಸಿಕೆಯನ್ನು ಉಲ್ಲೇಖಿಸಲಾಗುತ್ತದೆ.

ಹಿನ್ನೆಲೆ

ರೋಟಾವೈರಸ್ಸನ್ನು 1973ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ರೂತ್ ಬಿಷಪ್ ಮತ್ತು ಸಂಗಡಿಗರು ಗುರುತಿಸಿದರು. ಸೂಕ್ಷ್ಮದರ್ಶಕದಲ್ಲಿ ಚಕ್ರದಂತೆ ಕಾಣುವುದರಿಂದ, ಚಕ್ರ ಎಂಬ ಅರ್ಥದ ಲ್ಯಾಟಿನ್ ಪದದಿಂದ ಇದಕ್ಕೆ ಹೆಸರು ಬಂದಿದೆ. ಲಸಿಕೆ ಬಳಕೆಗೆ ಬರುವ ಮೊದಲು ಭಾರತದಲ್ಲಿ ಈ ರೋಗದಿಂದ ವರ್ಷಕ್ಕೆ ಸುಮಾರು 78,000 ಮಕ್ಕಳು ಸಾಯುತ್ತಿದ್ದರೆಂದು ಅಂದಾಜಿಸಲಾಗಿದೆ. ವಾಂತಿ ಭೇದಿಯಿಂದ ದೇಹದ ನೀರಿನಂಶ ಬೇಗನೆ ಕುಂದುವುದರಿಂದ, ಆಸ್ಪತ್ರೆ ದೂರವಿರುವ ಹಳ್ಳಿಗಳ ಶಿಶುಗಳಿಗೆ ಅಪಾಯ ಹೆಚ್ಚು. 2006ರ ಹೊತ್ತಿಗೆ ವಿದೇಶಗಳಲ್ಲಿ ಎರಡು ಲಸಿಕೆಗಳು ಬಳಕೆಗೆ ಬಂದರೂ ಅವುಗಳ ಬೆಲೆ ಬಡ ಕುಟುಂಬಗಳ ಕೈಗೆಟುಕುವಂತಿರಲಿಲ್ಲ.

ಎರಡು ತಳಿಗಳು

1980ರ ದಶಕದ ಮಧ್ಯಭಾಗದಲ್ಲಿ ಏಮ್ಸ್‌ನ ಮಕ್ಕಳ ವೈದ್ಯ ಮಹಾರಾಜ್ ಕಿಶನ್ ಭಾನ್ ಮತ್ತು ಸಹೋದ್ಯೋಗಿಗಳು ವಿಚಿತ್ರವೊಂದನ್ನು ಗಮನಿಸಿದರು. ಕೆಲವು ನವಜಾತ ಶಿಶುಗಳಿಗೆ ರೋಟಾವೈರಸ್ ಸೋಂಕು ತಗಲಿದ್ದರೂ ಅತಿಸಾರ ಉಂಟಾಗಿರಲಿಲ್ಲ; ಮುಂದೆಯೂ ಅವರಿಗೆ ತೀವ್ರ ರೋಗ ಬರುವುದು ಕಡಿಮೆಯಾಗಿತ್ತು. ನಿಸರ್ಗವೇ ದುರ್ಬಲಗೊಳಿಸಿದ ವೈರಸ್ ಇದಾಗಿದ್ದು, ಲಸಿಕೆಯಂತೆ ಕೆಲಸ ಮಾಡಬಲ್ಲದೆಂಬ ಊಹೆಗೆ ಇದು ದಾರಿಯಾಯಿತು. ಆ ತಳಿಯೇ 116ಇ.

ಬೆಂಗಳೂರಿನ ನವಜಾತ ಶಿಶುಗಳಲ್ಲಿಯೂ ರೋಗಲಕ್ಷಣವಿಲ್ಲದ ಇಂಥದೇ ಸೋಂಕು ಕಂಡುಬಂದಿತು. ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾ ರಾವ್ ಅವರ ತಂಡ ಗುರುತಿಸಿದ ಈ ತಳಿ ಐ321. ಇದರ ಹೊರಕವಚದ ಪ್ರೋಟೀನುಗಳು ದನಗಳ ರೋಟಾವೈರಸ್ಸಿನ ಪ್ರೋಟೀನುಗಳನ್ನು ಬಹುವಾಗಿ ಹೋಲುತ್ತಿದ್ದವು.

ಸಹಭಾಗಿತ್ವ

ಪ್ರಯೋಗಾಲಯದ ತಳಿಯೊಂದು ಲಸಿಕೆಯಾಗಬೇಕಾದರೆ ಶುದ್ಧ ಮಾದರಿಯ ತಯಾರಿಕೆ, ಸುರಕ್ಷತಾ ಪರೀಕ್ಷೆ, ಸಾವಿರಾರು ಶಿಶುಗಳ ಮೇಲಿನ ಪ್ರಯೋಗ ಮತ್ತು ಬೃಹತ್ ಉತ್ಪಾದನೆ ನಡೆಯಬೇಕು. ಇವನ್ನೆಲ್ಲ ವಿದ್ಯಾಸಂಸ್ಥೆಯೊಂದೇ ನಿರ್ವಹಿಸುವುದು ಕಷ್ಟ. ಆದ್ದರಿಂದ ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆ, ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಮತ್ತು ರೋಗ ನಿಯಂತ್ರಣ ಕೇಂದ್ರ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ, ಪಾಥ್ ಎಂಬ ಸ್ವಯಂಸೇವಾ ಸಂಸ್ಥೆ ಹಾಗೂ ಗೇಟ್ಸ್ ಪ್ರತಿಷ್ಠಾನ ಕೈಜೋಡಿಸಿದವು. ಉತ್ಪಾದನೆಯ ಹೊಣೆಯನ್ನು ಭಾರತ್ ಬಯೋಟೆಕ್ ವಹಿಸಿಕೊಂಡು, ಸರ್ಕಾರಕ್ಕೆ ಒಂದು ಡೋಸನ್ನು ಒಂದು ಅಮೆರಿಕನ್ ಡಾಲರಿಗೆ ಒದಗಿಸುವುದಾಗಿ ಘೋಷಿಸಿತು.

ಪರೀಕ್ಷೆಗಳು

ಮೊದಲ ಹಂತದಲ್ಲಿ ಎರಡೂ ತಳಿಗಳನ್ನು ಶಿಶುಗಳಿಗೆ ನೀಡಿ ಹೋಲಿಸಲಾಯಿತು. 116ಇ ಹೆಚ್ಚಿನ ಶಿಶುಗಳಲ್ಲಿ ಪ್ರತಿರೋಧವನ್ನು ಉಂಟುಮಾಡಿತು; ಐ321ರ ಫಲಿತಾಂಶ ಅಷ್ಟು ಉತ್ತಮವಾಗಿರಲಿಲ್ಲ. ಹೀಗಾಗಿ ಬೆಂಗಳೂರಿನ ತಳಿಯನ್ನು ಕೈಬಿಡಲಾಯಿತು. ಉತ್ಪಾದನೆಯ ಭಾರಿ ವೆಚ್ಚಕ್ಕೆ ಮೊದಲೇ ದುರ್ಬಲ ಆಯ್ಕೆಯನ್ನು ಬೇರ್ಪಡಿಸಲು ಈ ಹೋಲಿಕೆ ನೆರವಾಯಿತು.

ಮೂರನೆಯ ಹಂತದ ಪ್ರಯೋಗವು 2011ರಲ್ಲಿ ಆರಂಭವಾಗಿ ದೆಹಲಿ, ಪುಣೆ ಮತ್ತು ವೆಲ್ಲೂರಿನಲ್ಲಿ 6,799 ಶಿಶುಗಳ ಮೇಲೆ ನಡೆಯಿತು. ತೀವ್ರ ರೋಟಾವೈರಸ್ ಅತಿಸಾರವನ್ನು ಜೀವನದ ಮೊದಲ ವರ್ಷದಲ್ಲಿ ಲಸಿಕೆಯು ಸುಮಾರು 56% ತಡೆಗಟ್ಟಿತು. ಫಲಿತಾಂಶವನ್ನು 2013ರ ಮೇ ತಿಂಗಳಲ್ಲಿ ಪ್ರಕಟಿಸಲಾಯಿತು.

ಬಳಕೆ

2016ರ ಮಾರ್ಚಿನಲ್ಲಿ ಆಂಧ್ರಪ್ರದೇಶ, ಹರಿಯಾಣ, ಹಿಮಾಚಲ ಪ್ರದೇಶ ಮತ್ತು ಒಡಿಶಾ ರಾಜ್ಯಗಳಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ರೋಟಾವೈರಸ್ ಲಸಿಕೆಯನ್ನು ಸೇರಿಸಲಾಯಿತು. 2018ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ರೋಟಾವ್ಯಾಕ್‌ಗೆ ಪೂರ್ವ ಅರ್ಹತೆಯ ಮಾನ್ಯತೆ ನೀಡಿತು. 2019ರಲ್ಲಿ ಕಾರ್ಯಕ್ರಮವು ಕರ್ನಾಟಕವೂ ಸೇರಿ ದೇಶದಾದ್ಯಂತ ವಿಸ್ತರಿಸಿತು. ಪುಣೆಯ ಸೀರಂ ಇನ್‌ಸ್ಟಿಟ್ಯೂಟಿನ ರೋಟಾಸಿಲ್ ಕೂಡ ಈ ಕಾರ್ಯಕ್ರಮದಲ್ಲಿ ಬಳಕೆಯಲ್ಲಿದೆ. ಶಿಶುವಿಗೆ 6, 10 ಮತ್ತು 14 ವಾರಗಳ ವಯಸ್ಸಿನಲ್ಲಿ ಮೂರು ಡೋಸುಗಳನ್ನು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ನೀಡಲಾಗುತ್ತದೆ.

ಮಿತಿಗಳು ಮತ್ತು ಚರ್ಚೆ

ಈ ಲಸಿಕೆಯು ಎಲ್ಲ ಬಗೆಯ ಅತಿಸಾರವನ್ನು ತಡೆಯುವುದಿಲ್ಲ. ಶುದ್ಧ ನೀರು, ನೈರ್ಮಲ್ಯ ಹಾಗೂ ಓಆರ್‌ಎಸ್ ದ್ರಾವಣದ ಅಗತ್ಯ ಉಳಿದೇ ಇದೆ. ಬೇರೆ ಲಸಿಕೆಗಳು ಲಭ್ಯವಿದ್ದಾಗ ಕೆಲವು ಶಿಶುಗಳಿಗೆ ಲಸಿಕೆಯಿಲ್ಲದ ಹನಿಗಳನ್ನು ನೀಡಿ ಪ್ರಯೋಗ ನಡೆಸಿದ್ದು ಸರಿಯೇ ಎಂಬ ನೈತಿಕ ಪ್ರಶ್ನೆಯೂ ಎದ್ದಿತು. ಕರುಳಿನ ಒಂದು ಭಾಗ ಇನ್ನೊಂದರೊಳಗೆ ಸೇರಿಕೊಳ್ಳುವ ವಿರಳ ತೊಂದರೆಯ ಕುರಿತು ಪ್ರಯೋಗ ಕೇಂದ್ರವಾರು ಅಂಕಿಅಂಶಗಳನ್ನು ಬಹಿರಂಗಪಡಿಸಬೇಕೆಂಬ ಬೇಡಿಕೆ ನ್ಯಾಯಾಲಯವನ್ನೂ ತಲುಪಿತು. ಸಾರ್ವಜನಿಕ ಹಣದಿಂದ ನಡೆಯುವ ಇಂಥ ಸಹಭಾಗಿತ್ವಗಳಲ್ಲಿ ಬೆಲೆಯಷ್ಟೇ ಪಾರದರ್ಶಕತೆಯೂ ಮುಖ್ಯವೆಂಬುದನ್ನು ಈ ಚರ್ಚೆಗಳು ಮುಂದಿಟ್ಟವು.