ಅರಸನ ಕೆಲಸದ ಕುಂಬಾರರು

ಬೈಬಲ್ ಓದುವಾಗ ನಾವು ವಂಶಾವಳಿಯ ಪುಟಗಳನ್ನು ಬೇಗ ಬೇಗ ಮಗುಚುತ್ತೇವೆ. ಅಂಥ ಒಂದು ಪುಟದಲ್ಲೇ, 1 ಪೂರ್ವಕಾಲವೃತ್ತಾಂತ 4:23ರಲ್ಲಿ, ನೆಟಾಯಿಮ್ ಮತ್ತು ಗೆದೇರಾ ಎಂಬ ಊರುಗಳಿವೆ. ಈ ಹೆಸರುಗಳಿಗೆ ಗಿಡ ನೆಟ್ಟ ಜಾಗ, ಬೇಲಿ ಎಂದು ಅರ್ಥ. ಅಲ್ಲಿದ್ದವರು ಕುಂಬಾರರು, ಅರಸನ ಕೆಲಸಕ್ಕಾಗಿ ನೆಲೆಸಿದ್ದರು. ಇಷ್ಟೇ ವಿವರ.

ಯೆಹೂದ ದೇಶದಲ್ಲಿ ನೆಲ ಅಗೆದಾಗ ಕ್ರಿ.ಪೂ. 8ನೇ ಶತಮಾನದ ಕೊನೆಯ ಜಾಡಿಗಳ ಹಿಡಿಕೆಗಳು 1000ಕ್ಕೂ ಹೆಚ್ಚು ಸಿಕ್ಕಿವೆ. ಅವುಗಳ ಮೇಲೆ 'ಅರಸನದು' ಎಂಬ ಮುದ್ರೆಯಿದೆ. ಅರಸನಿಗಾಗಿ ದುಡಿದ ಕುಂಬಾರರ ಕೈಕೆಲಸ ಎಂಥದೆಂದು ಅವನ್ನು ನೋಡಿದರೆ ತಿಳಿಯುತ್ತದೆ. ಮಣ್ಣು ತುಳಿದವರ ಹೆಸರು ಆ ಮುದ್ರೆಯಲ್ಲಿಲ್ಲ. ಜಾಡಿ ಸೋರದೆ ನಿಂತದ್ದೇ ಅವರ ನಿಷ್ಠೆ.

ಪಾಠ ಹೇಳುವ ನಮ್ಮ ಹೆಸರೂ ಎಲ್ಲೂ ಉಳಿಯಲಿಕ್ಕಿಲ್ಲ. ನಾವು ಕಲಿಸಿದ ಮಕ್ಕಳು ಗಟ್ಟಿಯಾಗಿ ನಿಂತರೆ ಸಾಕು. ದೇವರು ಕೊಟ್ಟ ಕೆಲಸ ಮಾಡಿದಂತೆಯೇ.